ಅತಿಥಿಗಳು ಬಂದಾಗ ಬೀಸಿದ ರಾಗಿ

"ಗುರುಗಳೇ, ನಾಳೆ ಮಠಕ್ಕೆ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಕಡಿಮೆಯಲ್ಲಿ ಬದುಕುವುದನ್ನು ಕಲಿಯಲು ಊರೂರು ತಿರುಗುತ್ತಿರುವವರಂತೆ. ಸರಳ ಬದುಕು ಎಂದರೇನೆಂದು ಅವರಿಗೆ ಹೇಗೆ ತೋರಿಸಲಿ?" ಎಂದು ಮರಿದೇವ ಕೇಳಿದ. ಮಠಕ್ಕೆ ಬಂದವರನ್ನು ನೋಡಿಕೊಳ್ಳುವ ಕೆಲಸ ಆ ಶಿಷ್ಯನದು.

"ತೋರಿಸುತ್ತೀಯಾ? ಹಾಗಾದರೆ ಕೂತುಕೋ" ಎಂದು ಗುರುಗಳು ಕತೆ ಶುರು ಮಾಡಿದರು.

ಬಯಲುಸೀಮೆಯಲ್ಲಿ ಒಬ್ಬ ರೈತನಿದ್ದ. ಒಳ್ಳೆಯವನು. ಮನೆಗೆ ಬಂದವರನ್ನು ಊಟ ಹಾಕದೆ ಕಳಿಸಿದವನಲ್ಲ. ಒಮ್ಮೆ ಸೈಕಲ್ಲಿನಲ್ಲಿ ಊರು ಸುತ್ತುತ್ತಿದ್ದ ನಾಲ್ಕೈದು ಮಂದಿ ಎಳೆಯರು ಅವನ ಮನೆಯಲ್ಲಿ ತಂಗಿದರು. ಅಂದು ಕರೆಂಟಿರಲಿಲ್ಲ, ಗ್ಯಾಸೂ ಮುಗಿದಿತ್ತು. ರೈತನ ಹೆಂಡತಿ ಸೌದೆ ಒಲೆ ಹೊತ್ತಿಸಿ ಮುದ್ದೆ ಮಾಡಿದಳು, ಒರಳಲ್ಲಿ ಚಟ್ನಿ ಅರೆದಳು. ಎಲ್ಲರೂ ಅಂಗಳದಲ್ಲಿ ಚಾಪೆ ಹಾಸಿ ಮಲಗಿದರು. "ಅಣ್ಣಾ, ನಾವು ಹುಡುಕುತ್ತಿದ್ದ ಬದುಕು ಇದೇ" ಎಂದು ಕೈಮುಗಿದು ಹೋದರು. ರೈತ ಉಬ್ಬಿಹೋದ. ಕರೆಂಟು ಹೋದದ್ದಕ್ಕೆ ಹೊಗಳಿಸಿಕೊಂಡವನು ಆ ಸೀಮೆಯಲ್ಲೆಲ್ಲ ಅವನೊಬ್ಬನೇ ಇರಬೇಕು.

ಹೋದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಎಳೆಯರು ತಂಡ ತಂಡವಾಗಿ ಬರತೊಡಗಿದರು. ಬರುವ ಸುದ್ದಿ ಸಿಕ್ಕಿತೆಂದರೆ ರೈತ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಿಕ್ಸಿ ಅಟ್ಟಕ್ಕೆ, ಗ್ಯಾಸ್ ಒಲೆ ಪಕ್ಕದ ಮನೆಗೆ, ಟೇಬಲ್ ಫ್ಯಾನು ಗೋಣಿಚೀಲದೊಳಕ್ಕೆ. ಅಂಗಳದ ನಲ್ಲಿಗೂ ಚೀಲ ಸುತ್ತಿ, ಮುಂದೆ ಹುಲ್ಲಿನ ಹೊರೆ ಒರಗಿಸುತ್ತಿದ್ದ. ಅವರಿರುವಷ್ಟು ದಿನ ರಾಗಿಯನ್ನು ಮಿಲ್ಲಿಗೆ ಒಯ್ಯುವಂತಿರಲಿಲ್ಲ. ಎಂದೋ ಮೂಲೆ ಸೇರಿದ್ದ ಬೀಸುವ ಕಲ್ಲು ಪಡಸಾಲೆಗೆ ಬಂತು. ಮೋಸ ಮಾಡಬೇಕೆಂದೇನೂ ಅಲ್ಲ. ಮಕ್ಕಳು ಅಷ್ಟು ದೂರದಿಂದ ಆಸೆ ಇಟ್ಟುಕೊಂಡು ಬರುತ್ತಾರೆ, ಅವರಿಗೆ ನಿರಾಸೆ ಮಾಡಬಾರದು ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

ಬೀಸುವುದು, ಅರೆಯುವುದು, ಬಾವಿಯಿಂದ ನೀರು ಸೇದುವುದು ಎಲ್ಲ ಹೆಂಡತಿಯ ಪಾಲಿಗೆ ಬಂತು. ರೈತ ಜಗಲಿಯ ಮೇಲೆ ಕೂತು, ಮನುಷ್ಯನಿಗೆ ಎಷ್ಟು ಕಡಿಮೆ ಸಾಕು ಎಂದು ಎಳೆಯರಿಗೆ ವಿವರಿಸುತ್ತಿದ್ದ. ಚೆನ್ನಾಗಿಯೇ ಮಾತಾಡುತ್ತಿದ್ದ, ಇಲ್ಲವೆನ್ನಲಾಗದು.

ಹೀಗೆ ಇನ್ನೊಂದು ತಂಡ ಬರುವ ಸುದ್ದಿ ಬಂದ ದಿನ ಅವಳು ಭುಜ ಒತ್ತಿಕೊಳ್ಳುತ್ತ, "ಸರಳ ಬದುಕು ನಿಮ್ಮದು, ಬೀಸೋ ಕಲ್ಲು ನನ್ನದು. ಇವರನ್ನು ಕಳಿಸಿದ ಮೇಲೆ ನಾನು ತವರಿಗೆ ಹೋಗ್ತೀನಿ. ಕರೆಯೋಕೆ ಬರಬೇಡಿ" ಎಂದಳು. ರೈತ ಎದೆಗುಂದಿದ. ಅವಳು ಆಡಿದ್ದನ್ನು ಮಾಡುವ ಹೆಂಗಸು. ಅವಳಿಲ್ಲದ ಮನೆಯನ್ನು ನೆನೆಯಲೂ ಅವನಿಗೆ ಆಗಲಿಲ್ಲ. ಆದರೆ ಬರುವ ಮಕ್ಕಳ ಮುಂದೆ ಮಿಕ್ಸಿ ಕೆಳಗೇ ಇಡುವ ಧೈರ್ಯವೂ ಇರಲಿಲ್ಲ. ಇದೊಂದು ಸಲ ಕಳೆದುಹೋಗಲಿ, ಆಮೇಲೆ ಸಮಾಧಾನ ಮಾಡಿದರಾಯಿತು ಎಂದುಕೊಂಡು ಮಿಕ್ಸಿ ಹಿಡಿದು ಮತ್ತೆ ಅಟ್ಟ ಹತ್ತಿದ.

ತಂಡ ಬಂತು. ಮಾರನೆಯ ಬೆಳಿಗ್ಗೆ ಅವಳು ಬೀಸುತ್ತಿದ್ದಾಗ ಬಂದವರಲ್ಲಿ ಒಬ್ಬ ಹುಡುಗಿ ಎದುರಿಗೆ ಬಂದು ಕೂತಳು.

"ಅಕ್ಕಾ, ದಿನಾ ಇಷ್ಟೊಂದು ಬೀಸ್ತೀರಾ?"

"ಇಲ್ಲಮ್ಮ. ನಿಮ್ಮಂಥವರು ಬಂದಾಗ ಮಾತ್ರ."

ಜಗಲಿಯ ಮೇಲಿನ ಮಾತು ನಿಂತಿತು. ರೈತನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹುಡುಗಿ ಕಲ್ಲಿನ ಗೂಟಕ್ಕೆ ಕೈ ಹಾಕಿದಳು. "ನೀನಲ್ಲ ತಾಯಿ, ಏಳು" ಎಂದು ರೈತ ತಾನೇ ಅಲ್ಲಿ ಕೂತ. ಬೀಸುವ ಕಲ್ಲನ್ನು ಅವನು ತಿರುಗಿಸಿದ್ದು ಅದೇ ಮೊದಲು. ಹೆಂಡತಿ ಬೇಡವೆನ್ನಲಿಲ್ಲ, ರಾಗಿ ಹಾಕುತ್ತ ಹೋದಳು. ಒಂದು ಸೇರು ಬೀಸುವಷ್ಟರಲ್ಲಿ ಅವನ ತೋಳು ಬಿದ್ದುಹೋಯಿತು. ಹಿಟ್ಟೋ, ತರಿತರಿ.

ಎದ್ದವನು ಬೆವರು ಒರೆಸಿಕೊಂಡು ಅಟ್ಟದಿಂದ ಮಿಕ್ಸಿ ಇಳಿಸಿದ. ಚೀಲದಿಂದ ಫ್ಯಾನು ತೆಗೆದ, ನಲ್ಲಿಗೆ ಸುತ್ತಿದ್ದನ್ನು ಬಿಚ್ಚಿದ. "ನಮ್ಮ ಮನೆ ಇದೇ. ಇರೋದಾದರೆ ಇರಿ, ಹೋಗೋದಾದರೆ ಬೇಸರವಿಲ್ಲ" ಎಂದ. ಹೇಳುವಾಗ ಅವನಿಗೆ ಅಳು ಬಂದಿತ್ತು.

ಒಬ್ಬರೂ ಹೋಗಲಿಲ್ಲ. ಕಲ್ಲಿನ ಹಿಟ್ಟೇ ಬೇಕು ಎನ್ನುವವರು ತಾವೇ ಬೀಸಿದರು. ಆಗದವರು ರಾಗಿಯನ್ನು ಸೈಕಲ್ಲಿಗೆ ಹೇರಿ ಮಿಲ್ಲಿಗೆ ಒಯ್ದರು. ಅವರು ತೊಳಸಿದ ಮುದ್ದೆ ಮೊದಮೊದಲು ಗಂಟುಗಂಟಾಯಿತು, ಆಮೇಲೆ ಹದಕ್ಕೆ ಬಂತು. ರೈತ ಒಲೆ ಉರಿಸುವುದನ್ನು, ಪಾತ್ರೆ ತಿಕ್ಕುವುದನ್ನು ಕಲಿತ. ಜಗಲಿಯ ಮಾತು ತಾನಾಗಿ ಕಡಿಮೆಯಾಯಿತು. ಅವರನ್ನೆಲ್ಲ ಕಳಿಸಿಕೊಟ್ಟ ಮೇಲೆ ಹೆಂಡತಿ ತವರಿಗೇನೋ ಹೋದಳು, ಅಣ್ಣನ ಮಕ್ಕಳನ್ನು ನೋಡಿಕೊಂಡು ಯಾರೂ ಕರೆಯದೆ ತಾನೇ ಬಂದಳು. ಬಂದವಳು, ಮುಂದಿನ ತಂಡ ಯಾವಾಗ ಬರುತ್ತದೆ ಎಂದು ಕೇಳಿದಳು.

ಕತೆ ಮುಗಿಯುತ್ತಲೇ ಮರಿದೇವನಿಗೆ ನಗು ತಡೆಯಲಾಗಲಿಲ್ಲ. "ಎಂಥ ದಡ್ಡ, ಗುರುಗಳೇ. ತಾನು ಕೂತು ಪಾಠ ಹೇಳುವುದು, ಇನ್ನೊಬ್ಬರ ಕೈಯಲ್ಲಿ ದುಡಿಸುವುದು" ಎಂದ.

"ದಡ್ಡನೇ ಸರಿ" ಎಂದರು ಗುರುಗಳು. "ಈಗ ನೀನು ಉಟ್ಟಿರುವ ಪಂಚೆಯನ್ನು ಒಗೆದುಕೊಟ್ಟವರು ಯಾರು, ಮರಿದೇವ?"