ಮೊಸರುಚಂದ್ರನ ಗುಡ್ಡ

ನಮ್ಮ ಕಡಗೇರಿಯ ಅಳಿವೆಯ ಪಕ್ಕ ಕಡಲಿಗೆ ಮುಖಮಾಡಿ ನಿಂತ ಕರಿಗುಡ್ಡಕ್ಕೆ ಮೊಸರುಚಂದ್ರನ ಗುಡ್ಡ ಎಂದು ಹೆಸರು. ಬೆಳದಿಂಗಳಲ್ಲಿ ಬಂಡೆ ಮೊಸರಿನಂತೆ ಹೊಳೆಯುವುದರಿಂದ ಈ ಹೆಸರು ಬಂತೆಂದು ಪೇಟೆಯವರು ಹೇಳುವುದುಂಟು. ಅವರಿಗೇನು ಗೊತ್ತು. ಹತ್ತೂರು ತಿರುಗಿದರೂ ಇಂಥ ಗುಡ್ಡ ಸಿಗದು, ಇದರ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವನೂ ಸಿಗಲಾರ. ಪ್ರತಿವರ್ಷ ಚೈತ್ರದ ಅಷ್ಟಮಿಯ ಸಂಜೆ ಅಲ್ಲಿಗೆ ಮೊದಲ ಮೊಸರಿನ ಗಡಿಗೆ ಹೋಗುವುದೇ ಊರಿನ ಯಜಮಾನಿಕೆಯ ಗುರಿಕಾರರಾದ ನಮ್ಮ ಮನೆಯಿಂದ. ನಡುಗುಡ್ಡದಲ್ಲೊಂದು ಗವಿ. ಗವಿಯ ಬಾಯಿಗೆ ಚಿರೇಕಲ್ಲಿನ ಗೋಡೆ. ಗೋಡೆಯಲ್ಲಿ ಒಂದೇ ಕಲ್ಲಿನಷ್ಟು ಕಿಂಡಿ.

ಹಿಂದೆ ಒಮ್ಮೆ, ಗೋವೆಯಲ್ಲಿ ಪರಂಗಿಯವರು ಆಳುತ್ತಿದ್ದ ಕಾಲದಲ್ಲಿ, ರೋಮಿನ ಕಡೆಯಿಂದ ತಿಬುರ್ಸು ಎಂಬ ಚಿತ್ರಗಾರ ಅಲ್ಲಿಗೆ ಬಂದಿದ್ದನಂತೆ. ಇಗರ್ಜಿಯ ಗೋಡೆಯಲ್ಲಿ ಮೇರಿಮಾತೆಯನ್ನು ಬರೆದವನು, ಆಕೆಯ ಪಾದದಡಿಯ ಚಂದ್ರನನ್ನು ಮಾತ್ರ ನಯವಾದ ಬೆಳ್ಳಿತಟ್ಟೆಯಂತೆ ಬರೆಯದೆ, ತನ್ನ ದುರ್ಬೀನಿನಲ್ಲಿ ಕಂಡ ಹಾಗೆ ಗುಳಿಗುಳಿಯಾಗಿ ಬರೆದುಬಿಟ್ಟ. ದೇವರ ಆಕಾಶದಲ್ಲಿ ಕುಂದು ಹುಡುಕಿದನೆಂದು ಅಲ್ಲಿನ ಧರ್ಮಪೀಠ ಅವನನ್ನು ಸುಡಲು ತೀರ್ಮಾನಿಸಿತು. ಅವನು ಉಪ್ಪು ಸಾಗಿಸುವ ಮಚವೆ ದೋಣಿಯೊಂದರಲ್ಲಿ ಅಡಗಿ ನಮ್ಮ ಅಳಿವೆಗೆ ಬಂದು ಬಿದ್ದ. ಅವನನ್ನು ಗವಿಯಲ್ಲಿಟ್ಟು ಅನ್ನ ಹಾಕಿದವಳು ದೋಣಿ ದಾಟಿಸುವ ಅಂಬಿಗರ ದೇಮಿ. ಸಿಡುಬಿನಿಂದ ಮುಖವೆಲ್ಲ ಕುಳಿಬಿದ್ದ ವಿಧವೆ. ಎದುರಾದರೆ ಊರವರು ಮುಖ ತಿರುಗಿಸುತ್ತಿದ್ದರು. ಒಂದು ಅಷ್ಟಮಿಯ ಸಂಜೆ ತಿಬುರ್ಸು ದುರ್ಬೀನನ್ನು ಚಂದ್ರನತ್ತ ತಿರುಗಿಸಿ ಅವಳ ಕಣ್ಣಿಗೆ ಹಿಡಿದ. ಬಹಳ ಹೊತ್ತು ನೋಡಿದ ದೇಮಿ, “ಅಯ್ಯೋ ಮಾರಾಯಾ, ಇವನಿಗೂ ಅಮ್ಮ ಬಂದು ಹೋಗಿದ್ದಾಳೆ. ಆದರೂ ಊರೆಲ್ಲ ಇವನಿಗೆ ಕೈ ಮುಗಿಯುತ್ತದಲ್ಲ,” ಎಂದಳು. ಸಿಡುಬನ್ನು ಅಮ್ಮ ಎನ್ನುವುದು ನಮ್ಮ ರೂಢಿ. ಮರುದಿನದಿಂದಲೇ ತಿಬುರ್ಸು ಗವಿಯ ಒಳಗೋಡೆಯ ಮೇಲೆ ಆ ಚಂದ್ರನನ್ನು ಬರೆಯತೊಡಗಿದ. ಚಿಪ್ಪಿನ ಸುಣ್ಣಕ್ಕೆ ಮೊಸರು ಕಲಸಿದರೆ ಬಣ್ಣ ಉದುರುವುದಿಲ್ಲ ಎಂಬುದು ಅವನ ಕಸುಬಿನ ಗುಟ್ಟು.

ಚೈತ್ರದಲ್ಲಿ ಪರಂಗಿಯವರ ಹಡಗು ಬಂತು. ಚಿತ್ರಗಾರನನ್ನು ಕೊಡಿ, ಇಲ್ಲವಾದರೆ ಅಳಿವೆಯ ದೋಣಿಗಳನ್ನೆಲ್ಲ ಸುಡುತ್ತೇವೆ ಎಂದ ಕಪ್ತಾನ. ಆಗ ಊರಿನ ಗುರಿಕಾರ ಹಮ್ಮಣ್ಣ. ಅವನು ಜನ ಕಟ್ಟಿಕೊಂಡು, ಕಪ್ತಾನನನ್ನೂ ಅವನ ಕೋವಿಯವರನ್ನೂ ಕರೆದುಕೊಂಡು ಗುಡ್ಡ ಹತ್ತಿದ. ಗವಿಯ ಬಾಯಿಗೆ ಬೇವಿನ ತೋರಣ ಕಟ್ಟಿ ದೇಮಿ ಅಡ್ಡ ಕೂತಿದ್ದಳು. ಅಮ್ಮ ಬಂದ ಮನೆಗೆ ಬೇವು ಕಟ್ಟುವುದು, ಕಟ್ಟಿದ ಮನೆಯ ಹೊಸಿಲನ್ನು ಯಾರೂ ದಾಟದಿರುವುದು ನಮ್ಮಲ್ಲಿ ಮುರಿಯದ ಕಟ್ಟಳೆ.

“ಒಬ್ಬ ಪರದೇಶಿಗಾಗಿ ನಲವತ್ತು ದೋಣಿ ಸುಡಿಸಲೇನೇ?” ಎಂದ ಹಮ್ಮಣ್ಣ.

“ಒಳಗೆ ಅಮ್ಮ ಬಂದಿದ್ದಾಳೆ ಒಡೆಯಾ. ನನ್ನ ಮುಖ ನೋಡಿ, ಆಮೇಲೆ ಒಳಗೆ ಹೋಗಿ.”

ಹಮ್ಮಣ್ಣ ಹಿಂದೆ ಸರಿದ. ಕಪ್ತಾನನೂ ಮೂಗು ಮುಚ್ಚಿಕೊಂಡು ನಾಲ್ಕು ಮಾರು ಹಿಂದೆ ಹೋದ. ಅಲ್ಲಿಂದಲೇ ಅವನು ಕೊಟ್ಟ ಅಪ್ಪಣೆಯನ್ನು ದುಭಾಷಿ ತಿಳಿಸಿದ: ಒಳಗಿರುವವನು ಒಳಗೇ ಸಾಯಲಿ, ಊರವರೇ ಕಲ್ಲು ಕಟ್ಟಿ ಬಾಯಿ ಮುಚ್ಚಲಿ. ದೇಮಿ ನಿಜ ಹೇಳಿದರೆ ಅವನನ್ನು ಸುಡುತ್ತಾರೆ, ಸುಮ್ಮನಿದ್ದರೆ ಹೂಳುತ್ತಾರೆ. ಮೊದಲ ಕಲ್ಲು ಇಟ್ಟವನು ಹಮ್ಮಣ್ಣ. ಗೋಡೆ ಎದೆಯೆತ್ತರ ಬಂದಾಗ ದೇಮಿ ಕೂಗಿದಳು: “ಒಂದು ಕಲ್ಲು ಬಿಡಿ. ಒಂಬತ್ತು ದಿನ ಅಮ್ಮನಿಗೆ ಮೊಸರನ್ನ ಇಡದಿದ್ದರೆ ಅವಳು ನಿಮ್ಮ ಹಡಗನ್ನೇ ಹತ್ತುತ್ತಾಳೆ.” ಆ ಕಲ್ಲನ್ನು ಬಿಟ್ಟರು. ಕೆಳಗೆ, ಇರುವ ಒಂದೇ ಕಾಲುದಾರಿಯಲ್ಲಿ ಕೋವಿಯ ಕಾವಲು ಕೂತಿತು.

ದಿನಾ ಸಂಜೆ ದೇಮಿ ಕಿಂಡಿಯಲ್ಲಿ ಎಲೆ ಇಡುವಳು. ಒಳಗಿನಿಂದ ಒಂದು ಕೈ ಅದನ್ನು ಎಳೆದುಕೊಳ್ಳುವುದು. ಬಾಳೆಲೆಯಲ್ಲಿ ಮೊಸರನ್ನ, ಜೊತೆಗೆ ಒಂದು ಎಳನೀರು. ಬೇಸಿಗೆಗೆ ಬಂಡೆ ಕಾದು ಕೆಂಡವಾಗಿತ್ತು. ಐದನೆಯ ದಿನ ಒಳಗಿನಿಂದ ದನಿ ಬಂತು: “ಮೊಸರು ಹೆಚ್ಚು ಹಾಕು. ಚಂದ್ರ ಇನ್ನೂ ಅರ್ಧ.”

“ಉಣ್ಣು ಮಾರಾಯಾ, ಗೋಡೆಗೆ ಹಸಿವಿಲ್ಲ,” ಎಂದು ದೇಮಿ ಮಂತ್ರ ಹೇಳುವವಳಂತೆ ಗೊಣಗಿದಳು.

ಎಂಟನೆಯ ದಿನ ಎಲೆಯನ್ನು ಯಾರೂ ಎಳೆದುಕೊಳ್ಳಲಿಲ್ಲ. ಕಾವಲಿನವರು ನೋಡುತ್ತಿದ್ದುದರಿಂದ ದೇಮಿ ಅಳಲಿಲ್ಲ. ಒಂಬತ್ತನೆಯ ದಿನವೂ ಎಲೆ ಇಟ್ಟಳು. ಹಡಗು ಹಾಯಿ ಬಿಚ್ಚಿ ಹೋದ ಮೇಲೆ, ಇಳಿಬಿಸಿಲು ಒಳಗೆ ಬಿದ್ದಾಗ ಕಿಂಡಿಗೆ ಕಣ್ಣಿಟ್ಟಳು. ಗೋಡೆಯ ಮೇಲಿನ ಚಂದ್ರ ತುಂಬಿದ್ದ. ಆ ಚಂದ್ರನ ಕೆಳಗೆ ತಿಬುರ್ಸು ಸುಣ್ಣದ ಕೈಯನ್ನು ಗೋಡೆಗೆ ಚಾಚಿಕೊಂಡೇ ಸತ್ತಿದ್ದ. ಗೋಡೆ ಕೆಡವಲು ಹಾರೆ ಹಿಡಿದು ಬಂದ ಹಮ್ಮಣ್ಣನಿಗೆ, “ಇಡುವಾಗ ಇಲ್ಲದ ಧೈರ್ಯ ತೆಗೆಯುವಾಗ ಬಂತೇ? ಬಿಡಿ. ಅವನ ಪಾಲಿನ ಮೊಸರು ಮಾತ್ರ ತಪ್ಪಿಸಬೇಡಿ,” ಎಂದಳು ಎನ್ನುತ್ತಾರೆ.

ಇಂದಿಗೂ ಸೂರ್ಯ ಇಳಿಯುವ ಹೊತ್ತಿಗೆ ಕಿಂಡಿಗೆ ಕಣ್ಣಿಟ್ಟವರಿಗೆ ಆ ಬಿಳಿಯ ಚಂದ್ರ ಕಾಣುತ್ತಾನೆ, ಒಂದು ಚೂರೂ ಉದುರಿಲ್ಲ. ಅವನ ಕೆಳಗೆ ಏನಿದೆಯೆಂದು ಬಗ್ಗಿ ನೋಡಿದವರಿಲ್ಲ. ಹಮ್ಮಣ್ಣ ನಮ್ಮ ಮೂಲಪುರುಷ. ಮೊದಲ ಗಡಿಗೆ ನಮ್ಮದಾದದ್ದು ಹಾಗೆ. ಕಳೆದ ಮೂರು ವರ್ಷದಿಂದ ಎಲೆ ಇಡುವವನು ನಾನೇ. ಕಡಲು ಉಕ್ಕುವ ಭರತದ ಹೊತ್ತಿನಲ್ಲಿ ಈ ಅಳಿವೆಯನ್ನು ಈಜಿ ದಾಟುವ ಗಂಡು ನಾನು. ಆದರೆ ಕಿಂಡಿಯಲ್ಲಿ ಎಲೆ ಇಟ್ಟು ಕೈ ಹಿಂದೆಗೆಯುವಾಗ ಪ್ರತಿಸಲವೂ ಉಸಿರು ಕಟ್ಟುತ್ತದೆ, ಈಗ ಆ ಎಲೆ ಒಳಕ್ಕೆ ಸರಿದೀತೇ ಎಂದು.