ಏಳನೇ ಮೆಟ್ಟಿಲು

ಹೊಳೆದಂಡೆಯ ಆ ಆಶ್ರಮದಲ್ಲಿ ಮರುಳಸಿದ್ಧನಷ್ಟು ಓದಿದ ಶಿಷ್ಯ ಇನ್ನೊಬ್ಬನಿರಲಿಲ್ಲ. ಬಲ್ಲವರಿಗೆ ಒಂದು ಕೆಟ್ಟ ಚಟವಿರುತ್ತದೆ ನೋಡಿ, ಬಲ್ಲದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡಬೇಕು. ಅವನಿಗೂ ಆ ಚಟವಿತ್ತು.

ಆಶ್ರಮದ ಕೆಳಗೆ ಹೊಳೆಗಿಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಆರು ಗಟ್ಟಿ. ಏಳನೆಯದು ಯಾವುದೋ ನೆರೆಯಲ್ಲಿ ಕೊಚ್ಚಿಹೋಗಿ ಅಲ್ಲಿ ಮಡು ಬಿದ್ದಿತ್ತು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ; ಹಿಂದೆಲ್ಲ ಹಲವರು ಅಲ್ಲಿ ಮುಳುಗಿದ್ದರು.

ಅದಕ್ಕೇ ಸಂಕ್ರಮಣದ ಸ್ನಾನಕ್ಕೆ ಬಂದವರನ್ನು ಮೊದಲು ಸಭಾಂಗಣದಲ್ಲಿ ಕೂರಿಸಿ, ಗೋಡೆಯ ಮೇಲೆ ಸ್ಲೈಡು ತೋರಿಸಿ ಎಚ್ಚರಿಸುವ ವಾಡಿಕೆ. ಆ ಕೆಲಸ ಮರುಳಸಿದ್ಧನದು. ಹೋದ ವರ್ಷ ಇಪ್ಪತ್ತು ಸ್ಲೈಡು ತೋರಿಸಿದ್ದ. ಆದರೂ ಒಬ್ಬ ಮುಳುಗಿ ಸತ್ತ. ಹೆದರಿಕೊಂಡ ಮರುಳಸಿದ್ಧ ಆ ಹೆಣದ ಮುಖವನ್ನೂ ನೋಡಿರಲಿಲ್ಲ.

ಈ ಸಲ ಹಾಗಾಗಬಾರದೆಂದು ನಲವತ್ತೊಂದು ಮಾಡಿದ.

ಸ್ನಾನದ ಹಿಂದಿನ ದಿನ ಮಧ್ಯಾಹ್ನ ಕಿಟಕಿ ಮುಚ್ಚಿ ಗುರುಗಳಿಗೆ ತೋರಿಸಿದ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಹೊಳೆಯ ಪುರಾಣ, ನೀರಿನ ಸೆಳೆತದ ಕೋಷ್ಟಕ, ಹದಿನೆಂಟು ನಿಯಮ, ಅಂಚಿಗೆ ಕಮಲದ ಹೂವು. ಒಂಬತ್ತನೇ ಸ್ಲೈಡಿಗೆ ಅಜ್ಜಾರು ಗೊರಕೆ ಹೊಡೆದರು.

ಶಿಷ್ಯನಿಗೆ ಅಳುವೇ ಬಂತು. ಪುಣ್ಯಕ್ಕೆ ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಕೂತಿದ್ದ. ನೀಲಿ ಅಂಚಿನ ಧೋತರ, ಮೈಯೆಲ್ಲ ಒದ್ದೆ. ಮುಂಚಿತವಾಗಿ ಬಂದ ಯಾತ್ರಿಕನಿರಬೇಕು. ನಲವತ್ತೊಂದನ್ನೂ ಅವನು ಕಣ್ಣು ಮಿಟುಕಿಸದೆ ನೋಡಿದ.

ಕೊನೆಗೆ ಕೇಳಿದ, "ಎಷ್ಟನೇ ಮೆಟ್ಲ ಇಲ್ಲರೀ?"

"ಇಪ್ಪತ್ತೇಳನೇ ಸ್ಲೈಡಿನ್ಯಾಗ ಹೇಳಿದ್ನಲ್ಲರೀ!"

"ಹೋದ ವರ್ಷಾನೂ ಹಿಂಗs ಅಂದ್ರಿ. ಅಕ್ಷರ ಭಾಳ ಸಣ್ಣವಿದ್ವು." ಅವನು ಎದ್ದ. "ನಾಳೆ ನನ್ನ ಮಗಳು ಬರತಾಳ್ರೀ. ಅಕಿಗೆ ತಿಳಿಯೂ ಹಂಗ ಹೇಳ್ರಿ."

ಅವನು ಹೋದ ಮೇಲೆ ಮರುಳಸಿದ್ಧ ಹೊರಗೆ ಬಂದು ನೋಡಿದ. ಸುಡುವ ಬಿಸಿಲಿನ ಕಲ್ಲಿನ ಮೇಲೆ ಹಸಿ ಹೆಜ್ಜೆಗಳು ಹೊಳೆಯ ಕಡೆಗೆ ಇಳಿದಿದ್ದವು. ಆರನೇ ಮೆಟ್ಟಿಲಿನವರೆಗೂ ಇದ್ದವು. ಹೊಳೆಯಲ್ಲಿ ಯಾರೂ ಇರಲಿಲ್ಲ.

ಓಡಿಬಂದು ಅಜ್ಜಾರನ್ನು ಎಬ್ಬಿಸಿ ಎಲ್ಲ ಹೇಳಿದ.

"ಧೋತರಕ್ಕ ನೀಲಿ ಅಂಚಿತ್ತೇನು?"

"ಹೌದ್ರಿ."

"ಹೋದ ವರ್ಷ ಅದನ್ನ ಹೆಣದ ಮ್ಯಾಲೆ ಹೊದಿಸಿದವ ನಾನs."

ಮರುಳಸಿದ್ಧ ಅಜ್ಜಾರ ಕಾಲು ಹಿಡಿದುಕೊಂಡ. "ನಾನs ಕೊಂದೆ ಅಜ್ಜಾರ. ಇಷ್ಟು ದುಡಿದದ್ದೆಲ್ಲ ಹೊಳೆಯಾಗ ಹುಣಸೆಹಣ್ಣು ತೊಳದಂಗಾತು. ನಾಳೆ ಅವನ ಮಗಳೂ ಹೋದರ?"

ಅಜ್ಜಾರು ಅವನನ್ನು ಮೇಲಕ್ಕೆಬ್ಬಿಸಿದರು. ಕೈ ಹಿಡಿದು ಹೊಳೆಗೆ ಕರೆದೊಯ್ದರು. ಆರನೇ ಮೆಟ್ಟಿಲಿನ ಮೇಲೆ ನಿಲ್ಲಿಸಿ, ತಾವು ಹಿಂದಿನಿಂದ ರಟ್ಟೆ ಹಿಡಿದರು.

"ಕಾಲು ಮುಂದಿಡು."

ಇಟ್ಟ. ಪಾದದ ಕೆಳಗೆ ಏನೂ ಸಿಗಲಿಲ್ಲ. ಅಷ್ಟರಲ್ಲಿ ನೀರೊಳಗಿಂದ ತಣ್ಣನೆಯ ಅಂಗೈಯೊಂದು ಅವನ ಅಂಗಾಲನ್ನು ಮೆಲ್ಲಗೆ ಮೇಲಕ್ಕೆ ದೂಡಿ, ಮೆಟ್ಟಿಲಿನ ಮೇಲೆ ತಂದಿಟ್ಟಿತು.

"ಏನ್ ತಿಳೀತು?" ಎಂದರು ಅಜ್ಜಾರು.

"ಆರರ ತನಕ ಕಲ್ಲು... ಮುಂದ ಏನೂ ಇಲ್ಲರೀ."

"ಇದನ್ನ ತಿಳಿಯಾಕ ಪುರಾಣ ಬೇಕಾತೇನು?"

ಮರುದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ನಡುವಿನ ಸಾಲಿನಲ್ಲಿ ಕೂತ ಹೆಣ್ಣುಮಗಳೊಬ್ಬಳ ಪಕ್ಕದ ಜಾಗ ಮಾತ್ರ ಖಾಲಿ. ನೆಲ ಒದ್ದೆಯಿದೆ ಎಂದು ಯಾರೂ ಅಲ್ಲಿ ಕೂರಲಿಲ್ಲ.

ಗೋಡೆಯ ಮೇಲೆ ಒಂದೇ ಸ್ಲೈಡು ಬಂತು. ಆರು ಬಿಳಿ ಗೆರೆ. ಅದರ ಕೆಳಗೆಲ್ಲ ಕಪ್ಪು.

"ಆರು," ಎಂದ ಮರುಳಸಿದ್ಧ. "ಏಳನೇದು ಇಲ್ಲ."

ಮುಂದೆ ಮಾತಾಡಲು ನಾಲಿಗೆ ತುರಿಸಿತು. ಹಲ್ಲು ಕಚ್ಚಿ ಸುಮ್ಮನಾದ. ಜನ ಆ ಕಪ್ಪನ್ನೇ ನೋಡಿದರು. ಒಬ್ಬ ಮುದುಕಿ ಬೆರಳು ಮಡಿಸಿ ಎಣಿಸಿದಳು. ಆಮೇಲೆ ಎಲ್ಲರೂ ಎಣಿಸಿದರು.

ಮೆಟ್ಟಿಲಿನ ಬಳಿ ಆ ಹೆಣ್ಣುಮಗಳು ಅವನ ಹತ್ತಿರ ನಿಂತು, "ನಮ್ಮಪ್ಪ ಇಲ್ಲೇ ಹೋಗಿದ್ದು," ಎಂದಳು. ಬಾಯಿಬಿಟ್ಟು ಎಣಿಸುತ್ತ ಇಳಿದಳು. ಆರಕ್ಕೆ ನಿಂತಳು. ತಂಬಿಗೆಯಲ್ಲಿ ನೀರು ಮೊಗೆದು ತಲೆಗೆ ಸುರಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆ ನೀರೊಳಗೆ ನೀಲಿ ಅಂಚೊಂದು ಕಂಡಂತಾಗಿ, ಮಾಯವಾಯಿತು. ಮರುಳಸಿದ್ಧನ ಕಣ್ಣು ತುಂಬಿ ಬಂತು.

ಆ ದಿನ ಯಾರೂ ಮುಳುಗಲಿಲ್ಲ.

ಸಂಜೆ ಜನವೆಲ್ಲ ಊರಿಗೆ ಹೋದ ಮೇಲೆ ಗುರುಶಿಷ್ಯರು ಸಭಾಂಗಣಕ್ಕೆ ಬೀಗ ಹಾಕಲು ಬಂದರು. ಮರುಳಸಿದ್ಧನಿಗೆ ಖುಷಿ ಒಂದು ಕಡೆ, ಸಂಕಟ ಇನ್ನೊಂದು ಕಡೆ. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಅಜ್ಜಾರ, ಆ ನಲವತ್ತೊಂದು ಸ್ಲೈಡು ಏನ್ ಮಾಡ್ಲಿ? ಒಂದು ವರ್ಷ ಕಷ್ಟಪಟ್ಟೀನಿ. ಅಳಿಸಿಬಿಡ್ಲೇನು?"

ಅಜ್ಜಾರು ಹಿಂದಿನ ಸಾಲಿನ ಕಡೆ ನೋಡಿದರು. ಬೆಳಿಗ್ಗೆ ಗುಡಿಸಿ ಒರೆಸಿದ ನೆಲದ ಮೇಲೆ, ಗೋಡೆಯುದ್ದಕ್ಕೂ, ಕೂತವರ ಗುರುತಿನಂತೆ ಒಂಬತ್ತು ಹತ್ತು ಕಡೆ ನೀರು ನಿಂತಿತ್ತು.

"ಅಳಸಬ್ಯಾಡೋ ತಮ್ಮಾ," ಎಂದರು. "ಮುಳುಗಿದವರಿಗೆ ತೋರ್ಸು. ಅವರಿಗೆ ಪುರಸೊತ್ತೈತಿ."