ಕೊಡಾಕ ಹೋದ ಲಾಡಸಾಬ

ಏ, ಕಿತಾಬು ಮುಚ್ಚಿ ಇಡ್ರಿ. ನೆಲದ ಮ್ಯಾಲೆ ಅಲ್ಲ, ಮಣೆ ಮ್ಯಾಲೆ ಇಡ್ರಿ. ಹಾಂ, ಈಗ ನನ್ನ ಕಡೆ ನೋಡ್ರಿ. ನಿನ್ನೆ ರಂಜಾನಿನ ರೋಜಾ ಬಿಡೂ ಮುಂದ ಖರ್ಜೂರದ ತಟ್ಟಿ ಬಂತಲ್ಲ, ಅದರಾಗಿಂದ ಎರಡೆರಡು ಎತ್ತಿ ಕಿಸೆಕ್ಕ ಹಾಕಿಕೊಂಡವರು ಯಾರು ಅಂತ ನಾ ಕೇಳೂದಿಲ್ಲ. ಕೇಳಿದ್ರ ನೀವು ಸುಳ್ಳು ಹೇಳ್ತೀರಿ. ರೋಜಾದಾಗ ಮಕ್ಕಳ ಬಾಯಿಲೆ ಸುಳ್ಳು ಹೇಳಿಸಿದ ಪಾಪ ನನಗ್ಯಾಕ? ಮದೀನಾದ ಮಂದಿ ಹೆಂಗ ಕೊಟ್ರು ಅಂತ ಕೇಳಿದ್ರ ಗಡಗಡ ಒಪ್ಪಿಸ್ತೀರಿ, ಮುಠ್ಠಿ ಮಾತ್ರ ಬಿಗಿ ಹಿಡದಿರ್ತೀರಿ. ಅದಕ ಇವತ್ತು ಪಾಠ ಇಲ್ಲ. ಕೊಡಾಕ ಹೋಗಿ ಊರ ಮಂದಿ ಕಡೆ ಬೈಸಿಕೊಂಡ ಒಬ್ಬ ಪೆದ್ದನ ಕತಿ ಹೇಳ್ತೀನಿ. ನಗು ಬಂದ್ರ ನಗ್ರಿ, ನಾ ಬ್ಯಾಡ ಅನ್ನೂದಿಲ್ಲ.

ಪಿಂಜಾರ ಓಣಿಯಾಗ ಮೌಲಾಬಿ ಅಂತ ಒಬ್ಬಾಕಿ ಇದ್ಲು. ಗಂಡ ತೀರಿಕೊಂಡಿದ್ದ. ಹತ್ತಿ ಹಿಂಜೂ ಕಮಾನು, ಗಾದಿ ಹೊಲಿಯೂ ದಬ್ಬಣ, ಒಬ್ಬ ಮಗ, ಇಷ್ಟ ಆಕಿ ಆಸ್ತಿ. ಮಗನ ಹೆಸರು ಲಾಡಸಾಬ. ವಯಸ್ಸು ಇಪ್ಪತ್ತೆರಡು, ಬುದ್ಧಿ ಎರಡು. "ಹತ್ತಿ ಬಿಸಲಿಗೆ ಹಾಕಿ ಕಾಯ್ಕೊಂಡು ಕುಂದ್ರಲೇ" ಅಂದ್ರ ಕುಂದರತಿದ್ದ. ಮಳಿ ಬಂದ್ರೂ ಕುಂದರತಿದ್ದ! ಹತ್ತಿ ತೊಯ್ದು ಮುದ್ದಿ ಆದ್ರೂ ಕುಂದರತಿದ್ದ!

"ಏನ್ ಮಾಡಿದ್ಯೋ ನನ್ನ ಮಗನ! ಹತ್ತಿ ಒಳಗ ತರಬಾರದೇನು?"

"ಕಾಯಿ ಅಂದಿ, ಕಾಯ್ದೀನಿ ನೋಡಬೇ. ಒಂದ ಎಳೀನೂ ಯಾರೂ ಒಯ್ದಿಲ್ಲ."

ಮೌಲಾಬಿ ಹಣಿ ಹಣಿ ಬಡಕೊಂಡ್ಲು. "ಯಾ ಅಲ್ಲಾ, ನಾ ಕಣ್ಣು ಮುಚ್ಚಿದ ಮ್ಯಾಲೆ ಇವನಿಗೆ ಯಾರು ಗತಿ?" ಅಂತ ಅತ್ಲು. ಅತ್ತು ಕಣ್ಣು ಒರಸಿಕೊಂಡು, ಮಸೀದಿಯಾಗ ಹಜರತ್ತರು ಸಂಜಿಮುಂದ ಸಣ್ಣ ಹುಡುಗೂರಿಗೆ ಪಾಠ ಹೇಳತಿದ್ರಲ್ಲ, ಅಲ್ಲಿ ಇವನನ್ನೂ ಕುಂದರಿಸಿ ಬಂದ್ಲು. ನಿಮ್ಮಂಥಾ ಹುಡುಗೂರ ನಡುವ ಮೀಸಿ ಬಂದ ಲಾಡಸಾಬ!

ಅದ ವಾರ ಓಣಿಗೆ ಮೋದಿನಸಾಬ ಅಂತ ಒಬ್ಬ ಪಿಂಜಾರ ಬಂದ. ಅವನ ಊರು ಆಣೆಕಟ್ಟಿನ ನೀರಾಗ ಮುಳುಗಿತ್ತು. ಹೆಂಡತಿ ಜ್ವರ ಬಂದು ಹೋಗಿದ್ಲು. ಹೆಗಲ ಮ್ಯಾಲೆ ಕಮಾನು, ಕೈಯಾಗ ಐದು ವರ್ಷದ ಮಗಳು. ಮಸೀದಿ ಹಿಂದಿನ ತಗಡಿನ ಕೋಣಿಯಾಗ ಇಳಕೊಂಡ. ಆ ಮಗಳು ಯಾರು ಅಂತೀರಿ? ನಾನ! ಬಾಯಿ ಮುಚ್ಚಿಕೊಳ್ರಿ, ನೊಣ ಹೋಗ್ತಾವ. ನಾನೂ ಒಂದು ಕಾಲಕ್ಕ ಐದು ವರ್ಷದಾಕಿ ಇದ್ದೆ.

ನಮ್ಮಪ್ಪ ಕಮಾನು ಹೊತ್ತು ಊರೂರು ತಿರುಗಬೇಕು. ನನ್ನ ಯಾರ ಕಡೆ ಬಿಡಬೇಕು? ಬರೂ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಶಹರದ ಯತೀಮಖಾನಾಕ್ಕ, ಅಂದ್ರ ಅನಾಥ ಮಕ್ಕಳ ಮನಿಗೆ, ನನ್ನ ಒಯ್ದು ಬಿಡೂದು ಅಂತ ಮನಸು ಗಟ್ಟಿ ಮಾಡಿದ್ದ. ನನಗ ಅದು ಗೊತ್ತಿತ್ತು. ನನ್ನ ಅರಿವಿ ಗಂಟು ಕಟ್ಟಿ ಬಾಗಲ ಬಾಜೂಕ ಇಟ್ಟಿದ್ದ. ನಾ ದಿನಾ ಆ ಗಂಟು ನೋಡಕೋತ ಕುಂದರತಿದ್ದೆ. ಅಪ್ಪ ರೊಟ್ಟಿ ಮುರದು ಬಾಯಿಗಿಟ್ರ ಮಾರಿ ತಿರುವತಿದ್ದೆ.

ಶನಿವಾರ ಹಜರತ್ತರು ಪಾಠ ಹೇಳಿದ್ರು. "ಮಕ್ಕಳಾ, ಮಕ್ಕಾದಿಂದ ಹೊರಬಿದ್ದವರು ಬರಿಗೈಲೆ ಮದೀನಾಕ್ಕ ಬಂದ್ರು. ಮದೀನಾದವರು ಏನು ಮಾಡಿದ್ರು? ಒಬ್ಬೊಬ್ಬರು ಒಬ್ಬೊಬ್ಬರನ್ನ ಅಣ್ಣತಮ್ಮ ಅಂತ ಮಾಡಿಕೊಂಡ್ರು. ನನ್ನ ಮನಿಯಾಗ ಅರ್ಧ ನಿಂದು, ನನ್ನ ತ್ವಾಟದಾಗ ಅರ್ಧ ನಿಂದು ಅಂದ್ರು. ಇದ್ದದ್ದರಾಗ ಅರ್ಧ ಕೊಟ್ರು!"

ಲಾಡಸಾಬಗ ಖುಷಿ ಆತು. ನಮ್ಮ ಓಣಿಗೂ ಒಬ್ಬಾವ ಬರಿಗೈಲೆ ಬಂದಾನಲ್ಲ! ಮನಿಗೆ ಓಡಿದ. ಮನಿಯಾಗ ಇದ್ದದ್ದೇನು? ಮರುದಿನ ಮದಿವಿ ಮನಿಗೆ ಕೊಡೂ ಹೊಸಾ ಗಾದಿ. ಕತ್ತರಿ ತಗೊಂಡ, ಕರ್ ಕರ್ ಕರ್ ಅಂತ ನಡುವ ಕತ್ತರಿಸಿದ, ಅರ್ಧಾ ತಲಿ ಮ್ಯಾಲೆ ಹೊತ್ತುಕೊಂಡು ಹೊಂಟ. ಓಣಿ ತುಂಬ ಹತ್ತಿ ಹಾರಾಡತು. ಕೋಳಿ ಮೈಮ್ಯಾಲೂ ಹತ್ತಿ, ಮುದುಕರ ಗಡ್ಡದಾಗೂ ಹತ್ತಿ.

ಮೌಲಾಬಿ ಕಿರುಚಿದ್ಲು, "ಯವ್ವಾ ಯವ್ವಾ! ಮದಿವಿ ಗಾದಿಯೋ ಮೂಳಾ! ಮದುಮಗ ಅರ್ಧದ ಮ್ಯಾಲೆ ಮಲಗಿ ಮದುಮಗಳು ನೆಲದ ಮ್ಯಾಲೆ ಮಲಗಬೇಕೇನು?"

"ಹಜರತ್ ಅರ್ಧ ಅಂದ್ರಬೇ!"

"ಕೊಡೂದಿದ್ರ ಇಡಿಯಾಗಿ ಕೊಡಬೇಕು, ಕತ್ತರಿ ಹಚ್ಚಬಾರದು! ತಿಳೀತೋ?"

"ತಿಳೀತು. ಇಡಿಯಾಗಿ ಕೊಡಬೇಕು."

ಎರಡು ದಿನಕ್ಕ ಬಾಗಲಿಗೆ ಒಬ್ಬ ಫಕೀರ ಬಂದ. "ಅವ್ವಾ, ಒಂದು ಹಿಡಿ ಹಿಟ್ಟು" ಅಂದ. ಮೌಲಾಬಿ ಮನಿಯಾಗ ಇದ್ದಿಲ್ಲ. ಹಿಡಿ ಕೊಟ್ರ ಇಡಿಯಾಗಿ ಕೊಟ್ಟಂಗ ಆಗೂದಿಲ್ಲಲ್ಲ! ಹಿಟ್ಟಿನ ಡಬ್ಬಿನ ಎತ್ತಿ ಕೊಟ್ಟ. ಫಕೀರ, "ಏ ತಮ್ಮಾ, ಇದನ್ನ ನಾ ಹೆಂಗ ಹೊರ್ಲಿ?" ಅಂದ. "ನಾ ಹೊರ್ತೀನಿ ನಡಿ ಬಾಬಾ" ಅಂತ ಹೇಳಿ ಡಬ್ಬಿ ಹೊತ್ತು ಅವನ ಹಿಂದ ಹೊಂಟ. ಫಕೀರ ಬಾಗಲ ಬಾಗಲಕ್ಕ ನಿಂತ, ಇವನೂ ನಿಂತ. "ಏನಲೇ ಲಾಡಸಾಬ?" ಅಂತ ಮಂದಿ ಕೇಳಿದ್ರ, "ನಮ್ಮನಿ ಹಿಟ್ಟು, ದಾನ ಕೊಟ್ಟೀನಿ!" ಅಂತ ಒದರಿದ. ಮೂರು ಊರು ತಿರುಗಿ ಬಂದ!

ಮನಿಯಾಗ ಆವತ್ತು ರೊಟ್ಟಿ ಇಲ್ಲ. ಹೊಟ್ಟಿ ಹಸಿದ ಮೌಲಾಬಿಗೆ ಸಿಟ್ಟು ನೆತ್ತಿಗೇರಿತ್ತು. "ಡಬ್ಬಿ ಹೋದ್ರ ಹೋಗ್ಲಿ, ಡಂಗುರಾ ಯಾಕ ಹೊಡದ್ಯೋ? ಬಲಗೈಲೆ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಅಷ್ಟು ಗುಟ್ಟಾಗಿ ಕೊಡಬೇಕು ಅಂತ ಹಜರತ್ತರು ಕಲಿಸಿಲ್ಲೇನು?"

"ಕಲಿಸ್ಯಾರಬೇ. ಎಡಗೈಗೆ ಗೊತ್ತಾಗಬಾರದು."

ಬುಧವಾರ ಆಕಿ ಸಾರು ಮಾಡಿದ್ಲು. ಬಾಜೂದವರಿಗೂ ಮುಟ್ಟಲಿ ಅಂತ ಎರಡು ತಂಬಿಗಿ ನೀರು ಹೆಚ್ಚಿಗಿ ಹಾಕಿದ್ಲು, ಅದೂ ನಮ್ಮ ಪೈಗಂಬರರು ಕಲಿಸಿದ್ದ ಐತಿ. "ತಾಯಿ ಇಲ್ಲದ ಕೂಸು, ಬಿಸಿ ಬಿಸಿ ಉಣ್ಲಿ, ಮೋದಿನಸಾಬಗ ಕೊಟ್ಟು ಬಾ" ಅಂತ ಪಾತೇಲಿ ಇವನ ಕೈಯಾಗ ಇಟ್ಲು. ಇವ ಹೊರಗ ಬಂದವನ ಏನು ಮಾಡಿದ? ಎಡಗೈ ಬೆನ್ನ ಹಿಂದ ಹಾಕಿ ಟಾವೆಲ್ಲಿನಿಂದ ಬಿಗಿದು ಕಟ್ಟಿದ. ಒಂದ ಕೈಲೆ ಪಾತೇಲಿ ಹಿಡಕೊಂಡು ಹೊಂಟ. ಬಿಸಿ ಪಾತೇಲಿ ಒಂದ ಕೈಗೆ ನಿಲ್ತೈತೇನು? ಮಸೀದಿ ಮುಂದ ಧಡಾರ್ ಅಂತ ಬಿತ್ತು! ನಮಾಜಿಗೆ ಬರತಿದ್ದ ಹಜರತ್ತರು ಅದರ ಮ್ಯಾಲೆ ಕಾಲಿಟ್ಟು ಜರ್ರಂತ ಜಾರಿ ಕುಂತ್ರು.

"ಎಡಗೈಗೆ ಏನಾತೋ ಲಾಡಸಾಬ? ಮುರಿದೈತೇನು?"

"ಶ್! ಮೆಲ್ಲಕ ಮಾತಾಡ್ರಿ ಹಜರತ್, ಅದಕ ಕೇಳಸ್ತೈತಿ!"

ಹಜರತ್ತರು ಒಳ್ಳೇ ಮನಷಾ. ಸಾರಿನಾಗ ಕುಂತ ನಕ್ಕುಬಿಟ್ರು. "ತಮ್ಮಾ, ನಿನ್ನ ಕೈಲೆ ಏನೂ ಕೊಡಾಕ ಆಗೂದಿಲ್ಲ ಅಂದ್ರ ನಗು ಕೊಡು. ನಿನ್ನ ಅಣ್ಣತಮ್ಮನ ಮುಖ ನೋಡಿ ನಕ್ರ ಅದೂ ದಾನನ" ಅಂದ್ರು.

"ಹೌದೇನ್ರಿ? ನಗತೀನಿ!"

ಗುರುವಾರ ಮುಂಜಾನೆ ನಮ್ಮ ಕೋಣಿ ಬಾಗಲಿಗೆ ಬಂದು ನಿಂತ. ಅಪ್ಪ ನನ್ನ ಸಣ್ಣ ಕೌದಿ ಮಡಚಿ ಗಂಟಿಗೆ ಸೇರಿಸತಿದ್ದ. ಅಪ್ಪನ ಕಣ್ಣಾಗ ನೀರು. ಆ ಕೌದಿ ನಮ್ಮವ್ವ ಹೊಲದದ್ದು. ಲಾಡಸಾಬ ಬಾಗಲದಾಗ ನಿಂತು ಮೂವತ್ತೆರಡೂ ಹಲ್ಲು ತಗದು ನಗಾಕ ಹತ್ತಿದ. ಅಪ್ಪ ನೋಡಿದ. ಇವ ಇನ್ನೂ ದೊಡ್ಡದಾಗಿ ನಕ್ಕ. ಅಪ್ಪ ಎದ್ದು ಬಂದು ಇವನ ಅಂಗಿ ಹಿಡದು ಜಗ್ಗಿದ.

"ನನ್ನ ಕೂಸನ್ನ ಅನಾಥರ ನಡುವ ಬಿಡಾಕ ಹೊಂಟೀನಿ, ನಿನಗ ನಗಿ ಬರ್ತೈತೇನು? ತಾಯಿ ಇದ್ದಿದ್ರ ನಾ ಇದನ್ನ ಮಾಡತಿದ್ನೇನು? ತಾಯಿ ಒಬ್ಬಾಕಿ ಇದ್ದಿದ್ರ!"

ಲಾಡಸಾಬನ ನಗು ಹಂಗ ಬಾಯಾಗ ನಿಂತು ಹೋತು. ನನ್ನ ನೋಡಿದ. ಗಂಟು ನೋಡಿದ. ಮನಿಗೆ ಹೋಗಿ ಕಂಬಕ್ಕ ಆತು ಕುಂತು ಹೋ ಅಂತ ಅತ್ತ.

ಮೌಲಾಬಿಗೂ ಸಾಕಾಗಿತ್ತು. ಬೈಯಾಕೂ ತ್ರಾಣ ಇದ್ದಿಲ್ಲ. "ಅಳಬ್ಯಾಡೋ" ಅಂದ್ಲು. "ಕೊಡೂದು ಅಂದ್ರ ಗಾದಿ ಅಲ್ಲ, ಡಬ್ಬಿ ಅಲ್ಲ. ನಮಗ ಬ್ಯಾಡಾಗಿದ್ದು ಕೊಟ್ರ ಅದೇನು ದೊಡ್ಡ ಮಾತು? ಯಾವುದರ ಮ್ಯಾಲೆ ನಿನ್ನ ಜೀವ ಐತೋ ಅದನ್ನ ಕೊಡಬೇಕು ಅಂತ ಕುರಾನಿನಾಗ ಬಂದೈತಿ. ಹೋಗು, ಏನಾರ ಕೊಡು, ನಾ ಒಂದು ಮಾತು ಅನ್ನೂದಿಲ್ಲ."

ಆಕಿ ತಿಳಕೊಂಡಿದ್ದೇನು? ಅವನ ಕಡೆ ಒಂದು ಟಗರು ಇತ್ತು, ತಾ ತಿನ್ನೂದ್ರಾಗ ಅದಕ ತಿನಿಸತಿದ್ದ, ಅದನ್ನ ಕೊಡ್ತಾನ ಅಂತ. ಲಾಡಸಾಬ ಟಗರಿನ ಮುಂದ ಹೋಗಿ ಕುಂತ. ಅದರ ಮುಖ ನೋಡಿದ. ಇದರ ಮ್ಯಾಲೆ ಜೀವ ಐತಿ ಖರೆ, ಆದ್ರ ಭಾಳ ಇಲ್ಲ ಅಂತ ತಲಿ ಅಲ್ಲಾಡಿಸಿದ. ಕೆಂಪು ರುಮಾಲು ನೋಡಿದ. ಅದೂ ಅಲ್ಲ. ಸಂಜಿತನಕ ವಿಚಾರ ಮಾಡಿದ. ಅವ ಜೀವಮಾನದಾಗ ಅಷ್ಟು ವಿಚಾರ ಮಾಡಿದ್ದು ಅದ ಒಂದ ದಿನ.

ಶುಕ್ರವಾರ ಮುಂಜಾನೆ ಮೌಲಾಬಿ ಹತ್ತಿ ಹಿಂಜಾಕ ಕುಂತಿದ್ಲು. ಇವ ಬಂದು ರಟ್ಟಿ ಹಿಡದು ಎಬ್ಬಿಸಿದ. "ನಡಿಬೇ." "ಎಲ್ಲಿಗೋ?" "ನಡಿ." ಓಣಿ ಮಂದಿ ನೋಡೂಹಂಗ ದರದರ ಎಳಕೊಂಡು ಬಂದು ನಮ್ಮ ಕಟ್ಟಿ ಮ್ಯಾಲೆ ಕುಂದರಿಸಿದ. ಆಕಿ ತಲಿ ತುಂಬ ಹತ್ತಿ ಎಳಿ.

"ತಗೋ ಮೋದಿನಣ್ಣ, ನಿನ್ನ ಮಗಳಿಗೆ" ಅಂದ. "ನಮ್ಮವ್ವ. ನನಗ ಭಾಳ ಜೀವ ಇದ್ದದ್ದು ಇದೊಂದ."

ಓಣಿ ಮಂದಿ ಬಿದ್ದು ಬಿದ್ದು ನಕ್ರು. "ಅವ್ವನ್ನ ಕೊಟ್ಟ ಅವ್ವನ್ನ!" ಅಂತ ಚಪ್ಪಾಳಿ ಹೊಡದ್ರು. ಮೌಲಾಬಿ ನಗಲಿಲ್ಲ. ಇಪ್ಪತ್ತೆರಡು ವರ್ಷ ಈ ಮಗ ಯಾವ ಕೆಲಸಕ್ಕೂ ಬರೂದಿಲ್ಲ ಅಂತ ಅತ್ತಾಕಿ ಆಕಿ. ಅವ ಆಗಲೇ ತಿರುಗಿ ಮನಿ ಕಡೆ ಹೊಂಟಿದ್ದ, ಅಳಕೋತ ಹೊಂಟಿದ್ದ. ಆಕಿ ಅವನ ಬೆನ್ನ ನೋಡಿದ್ಲು, ಆಮ್ಯಾಲೆ ನನ್ನ ನೋಡಿದ್ಲು. ನನ್ನ ತಲಿ ಮ್ಯಾಲೆ ಕೈಯಾಡಿಸಿದ್ಲು. "ಅಯ್ಯ, ಈ ಕೂದಲಾ ಎಣ್ಣಿ ಕಂಡು ಎಷ್ಟು ದಿನ ಆತೋ! ಹಣಗಿ ಎಲ್ಲೈತಿ?" ಅಂದ್ಲು. ಹಣಗಿ ಗಂಟಿನಾಗ ಇತ್ತು. ಅಪ್ಪ ಗಂಟು ಬಿಚ್ಚಿದ.

ತಲಿ ಬಾಚಿ, ಎರಡು ಜಡಿ ಹಾಕಿ, "ಮೋದಿನಸಾಬ, ನೀ ಊರೂರು ತಿರುಗಿ ಬಾ, ಕೂಸು ನಮ್ಮನಿಯಾಗ ಇರ್ಲಿ" ಅಂದು, ನನ್ನ ಬಗಲಾಗ ಎತ್ತಿಕೊಂಡು ಮನಿಗೆ ಬಂದ್ಲು. ಬಂದು ನೋಡಿದ್ರ ಬಾಗಲಕ್ಕ ಅಡ್ಡ ನಿಂತಾನ ಲಾಡಸಾಬ!

"ನೀ ಯಾಕ ಬಂದಿ? ನಿನ್ನ ಕೊಟ್ಟೀನಿ! ಕೊಟ್ಟದ್ದು ವಾಪಸ್ ತಗೋಬಾರದು ಅಂತ ಹಜರತ್ ಹೇಳ್ಯಾರ!"

"ಲೇ, ಇದು ನನ್ನ ಮನಿಯೋ!"

"ಅದೆಲ್ಲಾ ನನಗ ಗೊತ್ತಿಲ್ಲ!" ಅಂತ ಧಪ್ಪಂತ ಬಾಗಲಾ ಹಾಕಿಕೊಂಡ. ನಾನು, ಆಕಿ, ಇಬ್ರೂ ಕಟ್ಟಿ ಮ್ಯಾಲೆ ಕುಂತ್ವಿ. ಹೊತ್ತು ಏರಿತು. ಒಳಗ ಅವನಿಗೆ ಹಸಿವಾತು. ಒಲಿ ಹಚ್ಚಾಕ ಬರೂದಿಲ್ಲ, ರೊಟ್ಟಿ ತಟ್ಟಾಕ ಬರೂದಿಲ್ಲ. ಜುಮ್ಮಾ ಮುಗಿಯೂ ಹೊತ್ತಿಗೆ ಬಾಗಲಾ ಸ್ವಲ್ಪ ತಗದು ಮುಖ ಹೊರಗ ಹಾಕಿದ. ಅವ್ವನ ಕಡೆ ನೋಡಲಿಲ್ಲ, ನನ್ನ ಕೇಳಿದ.

"ತಂಗೀ, ನಿಮ್ಮವ್ವನ್ನ ಒಂದು ಗಳಿಗಿ ಕೊಡ್ತೀಯೇನು? ಹಸಿವಾಗೈತಿ."

ಐದು ವರ್ಷದಾಕಿ ನಾ. ಅವ್ವ ಸಿಕ್ಕಿದ್ದು ಆವತ್ತ. ಎರಡೂ ಕೈಲೆ ಆಕಿ ಸೆರಗು ಹಿಡಕೊಂಡು, "ಕೊಡೂದಿಲ್ಲ!" ಅಂದೆ.

"ಹೌದು, ನಿಂದ ಐತಿ" ಅಂದು ಬಾಗಲಾ ಹಾಕಿಕೊಂಡ.

ನನಗ ಒಂದು ಅಂಜಿಕಿ ಬಂತು. "ಯವ್ವಾ," ಅಂದೆ, "ಅವನಿಗೆ ಈಗ ಅವ್ವ ಇಲ್ಲಲ್ಲ. ಅವನನ್ನ ಯತೀಮಖಾನಾಕ್ಕ ಕಳಸ್ತಾರೇನು?"

ಮೌಲಾಬಿ ನನ್ನ ಅವಚಿಕೊಂಡು ಅತ್ಲು ನೋಡ್ರಿ, ಓಣಿ ಮಂದಿ ಹೊರಗ ಬಂತು. ನಾ ಕೆಳಗಿಳಿದು ಬಾಗಲಾ ಬಡದೆ. "ಅಣ್ಣಾ, ಬಾಗಲಾ ತಗಿ. ನಮ್ಮವ್ವ ನಿನಗೂ ರೊಟ್ಟಿ ಕೊಡ್ತಾಳಂತ!" ಅವ ತಗದ. ಆವತ್ತು ನಾ ಎರಡು ರೊಟ್ಟಿ ತಿಂದೆ. ಅವ ಒಂಬತ್ತು ತಿಂದ, ಒಂದೊಂದಕ್ಕೂ ನನ್ನ ಮುಖ ನೋಡಿ ಕೇಳಿ ತಿಂದ.

ಹಂಗ ನಾ ಆ ಮನಿಯಾಗ ಬೆಳದೆ. ಅಪ್ಪ ಬರತಿದ್ದ, ಹೋಗತಿದ್ದ. ಲಾಡಸಾಬ ಆಕಿನ್ನ "ಅವ್ವ" ಅಂತ ಮತ್ತ ಕರೀಲಿಲ್ಲ. "ನಿಮ್ಮವ್ವ ಕರೀತಾಳ ನೋಡು", "ನಿಮ್ಮವ್ವಗ ಕೆಮ್ಮ ಬಂದೈತಿ", ಹಿಂಗ ಅನ್ನತಿದ್ದ. ಆಕಿ ಎಷ್ಟು ತಿಳಿಸಿ ಹೇಳಿದ್ಲು, ಹಜರತ್ತರು ಹೇಳಿದ್ರು, ನಾ ದೊಡ್ಡಾಕಿ ಆದ ಮ್ಯಾಲೆ ಕೈ ಮುಗಿದು ಹೇಳಿದೆ. ಕೊಟ್ಟದ್ದು ಕೊಟ್ಟಂಗ ಅಂತಿದ್ದ.

ಇಪ್ಪತ್ತು ವರ್ಷ ಆದ ಮ್ಯಾಲೆ ಆಕಿ ತೀರಿಕೊಂಡ್ಲು. ಗಂಡಸರು ಜನಾಜಾ ಹೆಗಲಿಗೆ ಎತ್ತಾಕ ನಿಂತ್ರು. ಲಾಡಸಾಬ ಹೆಂಗಸರ ನಡುವ ದಾಟಿಕೊಂಡು ನನ್ನ ಕಡೆ ಬಂದ. ತಲಿ ಬೆಳ್ಳಗ ಆಗಾಕ ಹತ್ತಿತ್ತು.

"ತಂಗೀ, ಎಲ್ಲಾರೂ ಮಣ್ಣು ಹಾಕ್ತಾರಂತ. ನಿಮ್ಮವ್ವಗ ನಾನೂ ಒಂದು ಹಿಡಿ ಹಾಕ್ಲೇನು?"

"ಹಾಕಣ್ಣಾ" ಅಂತ ಅಂದೆ, ಅಷ್ಟ.

ಜನಾಜಾ ಹೋತು. ನಾವು ಹೆಂಗಸರು ಮನಿಯಾಗ ಕುಂತ್ವಿ. ಒಂದು ತಾಸಾಗಿರಬೇಕು, ಯಾರೋ ಓಡಿ ಬಂದ ಸಪ್ಪಳ ಆತು. ಬಾಗಲದಾಗ ಲಾಡಸಾಬ! ಮೈಯೆಲ್ಲಾ ಬೆವರು, ಅಂಗೈಯೆಲ್ಲಾ ಕೆಂಪು ಮಣ್ಣು, ಎದಿ ಬುಸುಬುಸು ಅಂತೈತಿ.

"ಯಾಕಣ್ಣಾ, ಏನಾತು?"

"ಒಂದು ಹಿಡಿ ಹಾಕಿದೆ. ಮೂರು ಹಾಕಬೇಕಲೇ ಪೆದ್ದಾ ಅಂತ ಎಲ್ಲಾರೂ ಬೈದ್ರು. ನೀ ಹಾಕು ಅಂದದ್ದು ಒಂದ ಹಿಡಿ." ಬಾಗಲದಾಗ ಹಂಗ ನಿಂತು ಕಣ್ಣು ಒರಸಿಕೊಂಡ, ಮುಖಕ್ಕೆಲ್ಲಾ ಮಣ್ಣಾತು. "ಇನ್ನೆರಡು ಹಾಕ್ಲೇನು ತಂಗೀ? ಲಗೂನ ಹೇಳು, ಮಂದಿ ಎಲ್ಲಾ ಅಲ್ಲೇ ನಿಂತೈತಿ."